ಚಿಕ್ಕ ಸ್ವಾಮಿ ಹೇಳಿದ ಅರ್ಥ

ಇನ್ನಾಸಪ್ಪ ಗುರುಗಳಿಗೆ ಶಿಷ್ಯನೆಂದು ಇದ್ದವನು ಒಬ್ಬನೇ. ಅವನ ಹೆಸರು ಚೌರಪ್ಪ.

ಹೊಳೆಯ ದಡದಲ್ಲಿ ಎರಡು ಕೋಣೆ, ಒಂದು ಪ್ರಾರ್ಥನೆಯ ಮನೆ, ಅದರ ಹೆಂಚಿನ ಮೇಲೊಂದು ಮರದ ಶಿಲುಬೆ. ಆಶ್ರಮವೆಂದರೆ ಅಷ್ಟೇ. ಗುರುಗಳು ಕಾವಿ ಉಡುತ್ತಿದ್ದರು. ನೆಲದ ಮೇಲೆ ಕುಳಿತು ಯೇಸುಸ್ವಾಮಿಯ ಪೂಜೆ ಮಾಡುತ್ತಿದ್ದರು. ಸುತ್ತಲ ಊರುಗಳ ಕ್ರೈಸ್ತರು ಅವರನ್ನು ದೊಡ್ಡ ಸ್ವಾಮಿ ಎನ್ನುತ್ತಿದ್ದರು, ಚೌರಪ್ಪನನ್ನು ಚಿಕ್ಕ ಸ್ವಾಮಿ.

ದೊಡ್ಡ ಸ್ವಾಮಿ ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟದ್ದು ಕಡಿಮೆ. ಅದೇ ಅವರ ದೊಡ್ಡತನವೆಂದು ಜನ ತಿಳಿದಿದ್ದರು. ಅವರೂ ಹಾಗೆಯೇ ತಿಳಿದಿದ್ದರು.

ಒಂದು ಬೆಳಿಗ್ಗೆ ಚೌರಪ್ಪ ಓಡುತ್ತಾ ಬಂದ.

"ಗುರುಗಳೇ, ಪ್ರಾರ್ಥನೆಯ ಮನೆಯ ಗೋಡೆ ಬಿದ್ದುಹೋಯಿತು."

"ಯಾರಿಗಾದರೂ ಪೆಟ್ಟಾಯಿತೇ?"

"ಇಲ್ಲ. ಆದರೆ ಗುರುಗಳೇ, ಇದು ಬೀಳುವುದನ್ನು ನಾನು ಮೊನ್ನೆಯೇ ನೋಡಿದ್ದೆ. ಕನಸಿನಲ್ಲಿ. ಹೊಳೆ ಕಡೆಯ ಇದೇ ಗೋಡೆ, ಹೀಗೇ ಹೊರಗಡೆಗೆ ಮಗುಚಿಕೊಂಡಿತು."

ಅವನು ಓಡಿ ಬಂದಿದ್ದು ಹೆದರಿಕೆಗಲ್ಲ, ಸಂತೋಷಕ್ಕೆ.

ಇಬ್ಬರೂ ಹೋಗಿ ನೋಡಿದರು. ಗುರುಗಳು ಬಿದ್ದ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಒಡೆದರು. ಒಳಗೆ ಅರಳಿಯ ಬೇರು ಬೆರಳು ದಪ್ಪ ಬೆಳೆದಿತ್ತು.

"ಮೂರು ವರ್ಷದಿಂದ ನೀನು ಎಲ್ಲಿ ಕೂತು ಜಪ ಮಾಡುತ್ತೀಯ?"

"ಈ ಗೋಡೆಯ ಮುಂದೆ."

"ಬಿರುಕು ಕಂಡಿರಲಿಲ್ಲವೇ?"

"ಕಂಡ ನೆನಪಿಲ್ಲ."

"ನಿನಗೆ ನೆನಪಿಲ್ಲ. ಕಣ್ಣಿಗೆ ನೆನಪಿತ್ತು."

ಗುರುಗಳು ಮೂಲೆಯಲ್ಲಿದ್ದ ಬುಟ್ಟಿಯನ್ನು ಅವನ ಕೈಗೆ ಕೊಟ್ಟರು. "ಮಣ್ಣು ಕಲಸು."

ಚೌರಪ್ಪ ಹನ್ನೊಂದು ದಿನ ಮಣ್ಣು ಕಲಸಿ ಗೋಡೆ ಎಬ್ಬಿಸಿದ. ಗುರುಗಳು ಹೇಳಿದ್ದು ಅವನಿಗೆ ಅರ್ಥವಾಗದೆ ಇರಲಿಲ್ಲ. ಬೇಕಿರಲಿಲ್ಲ. ಆ ಹನ್ನೊಂದು ದಿನಗಳಲ್ಲಿ ಅವನು ಹಾಲು ತರುವ ಹೆಂಗಸಿಗೆ ಕನಸಿನ ಸಂಗತಿ ಹೇಳಿದ. ಅವಳು ಊರಿಗೆ ಹೇಳಿದಳು.

ಮೊದಲು ಬಂದವನು ಒಬ್ಬ ನೇಕಾರ. ತನ್ನ ಬಾವಿ ಬತ್ತಿ, ತಳದಲ್ಲಿ ತಮ್ಮ ನಿಂತಿರುವಂತೆ ಅವನಿಗೆ ಕನಸಾಗಿತ್ತು. ಅಣ್ಣತಮ್ಮ ಮಾತು ಬಿಟ್ಟು ಆರು ವರ್ಷವಾಗಿತ್ತು.

"ಹೋಗಿ ತಮ್ಮನನ್ನು ಮಾತಾಡಿಸು. ದೇವರು ಹೇಳುತ್ತಿರುವುದು ಅದನ್ನೇ," ಎಂದ ಚೌರಪ್ಪ.

ನೇಕಾರ ಹೋದ. ಇಬ್ಬರೂ ಅತ್ತರು, ಒಂದಾದರು. ಮುಂದಿನ ಭಾನುವಾರ ಒಟ್ಟಿಗೆ ಪೂಜೆಗೆ ಬಂದು ಚಿಕ್ಕ ಸ್ವಾಮಿಯ ಕಾಲಿಗೆ ಬಿದ್ದರು.

ಒಳ್ಳೆಯದೇ ಆಗಿತ್ತು. ಅದನ್ನು ಯಾರೂ ಇಲ್ಲವೆನ್ನುವಂತಿರಲಿಲ್ಲ.

ಆಮೇಲೆ ಶುಕ್ರವಾರ ಮಧ್ಯಾಹ್ನಗಳಲ್ಲಿ ಹೊಂಗೆಯ ಮರದ ಕೆಳಗೆ ಜನ ಕೂರತೊಡಗಿದರು. ಹೆಂಗಸರೇ ಹೆಚ್ಚು. ಹಲ್ಲು ಬಿದ್ದ ಕನಸು, ಹಾವಿನ ಕನಸು, ಸತ್ತ ಅತ್ತೆ ಬಂದು ಅನ್ನ ಕೇಳಿದ ಕನಸು. ಚೌರಪ್ಪ ಒಬ್ಬೊಬ್ಬರದನ್ನೂ ಕೇಳಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಪ್ರಾರ್ಥಿಸಿ ಅರ್ಥ ಹೇಳುತ್ತಿದ್ದ. ಹೇಳಿದ್ದನ್ನು ಮರೆಯದಂತೆ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದ.

ಗುರುಗಳು ಒಂದು ದಿನ ಆ ಪುಸ್ತಕ ತೆರೆದು ನೋಡಿದರು.

"ಇದೇನು?"

"ಕನಸಿನ ಗುರುತುಗಳು, ಗುರುಗಳೇ. ಪವಿತ್ರ ಗ್ರಂಥದಲ್ಲಿ ಬರುವುದನ್ನೆಲ್ಲ ಹುಡುಕಿ ಜೋಡಿಸಿದ್ದೇನೆ. ನೀರೆಂದರೆ ಶೋಧನೆ. ಅಂದರೆ ದೇವರು ಒಡ್ಡುವ ಪರೀಕ್ಷೆ. ಬಿಳಿ ಬಟ್ಟೆಯೆಂದರೆ ದೇವರ ಸಾನ್ನಿಧ್ಯ."

"ನೀರೆಂದರೆ ಶೋಧನೆ. ಯಾರಿಗೆ?"

"ಎಲ್ಲರಿಗೂ."

"ಮೀನು ಹಿಡಿಯುವವನಿಗೂ?"

ಉತ್ತರಕ್ಕೆ ಕಾಯದೆ ಗುರುಗಳು ಪುಸ್ತಕ ಮುಚ್ಚಿಟ್ಟು, ತಂಬಿಗೆ ಎತ್ತಿಕೊಂಡು ಗಿಡಗಳ ಕಡೆ ಹೊರಟುಹೋದರು.

ಇನ್ನೊಂದು ಶುಕ್ರವಾರ ಅವರೇ ಬಂದು ಹೆಂಗಸರ ಸಾಲಿನ ಕೊನೆಯಲ್ಲಿ ಕುಳಿತರು. ತಮ್ಮ ಸರದಿ ಬಂದಾಗ ಮುಂದೆ ಸರಿದರು.

"ನನಗೂ ಒಂದು ಕನಸು ಬಿದ್ದಿದೆ, ಚಿಕ್ಕ ಸ್ವಾಮಿ. ಅರ್ಥ ಬೇಕು."

ಚೌರಪ್ಪನ ಮುಖ ಕೆಂಪಾಯಿತು. "ಹೇಳಿ ಗುರುಗಳೇ."

"ನಾನು ಹೇಳುವುದಿಲ್ಲ. ಏನು ಕನಸು ಅಂತ ನೀನೇ ಹೇಳಬೇಕು. ಗ್ರಂಥದಲ್ಲಿ ಬಾಬೆಲಿನ ಅರಸ ತನ್ನ ಪಂಡಿತರನ್ನು ಹಾಗೇ ಕೇಳಿದ್ದನಲ್ಲ?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ದೊಡ್ಡ ಸ್ವಾಮಿ ಚಿಕ್ಕ ಸ್ವಾಮಿಯನ್ನು ಆಟವಾಡಿಸುತ್ತಿದ್ದಾರೆ ಎಂದುಕೊಂಡರು. ಗುರುಗಳ ತುಟಿಯಲ್ಲೂ ನಗುವಿತ್ತು. ಅವರು ಎದ್ದು ಪಂಚೆ ಕೊಡವಿಕೊಂಡು ಹೋದರು.

ತನ್ನ ಬಳಿಗೆ ಬರುವ ಜನ ಗುರುಗಳ ಬಳಿಗೆ ಬರುವುದಿಲ್ಲ, ಅದಕ್ಕೇ ಈ ಮಾತು ಎಂದು ಚೌರಪ್ಪ ಅಂದುಕೊಂಡ. ಮುಂದಿನ ಶುಕ್ರವಾರವೂ ಮರದ ಕೆಳಗೆ ಕುಳಿತ.

ಆ ಶುಕ್ರವಾರ ಬಂದವಳು ಜಪಮಾಲೆ.

ಸಮಾಧಿಗಳಿಗೆ ಕಲ್ಲಿನ ಶಿಲುಬೆ ಕೆತ್ತುವ ರಾಯಪ್ಪನ ಒಬ್ಬಳೇ ಮಗಳು ಅವಳು. ತಾಯಿ ಇರಲಿಲ್ಲ. ಹೊಳೆಯಾಚೆಯ ಊರಿನ ಮಿಕೇಲಪ್ಪನ ಮಗ ದೇವಸಹಾಯನಿಗೆ ಕೊಟ್ಟು ಎರಡು ವರ್ಷವಾಗಿತ್ತು. ಮಿಕೇಲಪ್ಪ ಆ ಊರಿನ ಯೇಸುಸ್ವಾಮಿಯ ಗುಡಿಗೆ ಹಿರಿಯ. ಹಬ್ಬದ ಮೆರವಣಿಗೆಯಲ್ಲಿ ಶಿಲುಬೆ ಹಿಡಿದು ಮುಂದೆ ನಡೆಯುವವನು. ಅಂಥ ಮನೆಯಿಂದ ಜಪಮಾಲೆ ಅಪ್ಪನ ಮನೆಗೆ ಬಂದು ತಿಂಗಳಾಗಿತ್ತು. ಯಾಕೆಂದು ಊರಿಗೆ ಗೊತ್ತಿರಲಿಲ್ಲ.

"ಸ್ತೋತ್ರ ಸ್ವಾಮಿ," ಎಂದು ಕೈಮುಗಿದು ಕುಳಿತಳು. ಉಳಿದವರೆಲ್ಲ ಎದ್ದುಹೋಗುವವರೆಗೂ ಬಾಯಿ ಬಿಡಲಿಲ್ಲ.

"ಒಂದೇ ಕನಸು, ಸ್ವಾಮಿ. ಮೂರು ಸಲ ಬಿತ್ತು."

"ಹೇಳಮ್ಮ."

"ನಮ್ಮತ್ತೆ ಮನೆ ಥರಾನೇ ಇದೆ, ಆದ್ರೆ ಬಾಗಿಲಿಲ್ಲ. ಒಳಗೆಲ್ಲ ನೀರು. ಮೊಣಕಾಲಿನವರೆಗೆ ಬಂದದೆ. ಒಲೆ ಮುಂದೆ ಯಾರೋ ಕೂತವರೆ, ಬಿಳಿ ಬಟ್ಟೆ ಉಟ್ಕೊಂಡು. ನಾನು ಕೂಗ್ತೀನಿ. ಅವರು ತಿರುಗಿ ನೋಡಲ್ಲ. ನೀರು ಏರ್ತಾ ಇರುತ್ತೆ, ಎಚ್ಚರ ಆಗೋಗುತ್ತೆ."

"ಭಯವಾಯಿತೇ?"

"ಆಯ್ತು."

ಹಾಗೆನ್ನುತ್ತಾ ಅವಳು ಸೆರಗನ್ನು ಎಳೆದು ಎಡಗೈ ಮುಚ್ಚಿಕೊಂಡಳು. ಮಣಿಕಟ್ಟಿನಲ್ಲಿ ಬಳೆಯಿರಲಿಲ್ಲ. ಬಳೆಯಿರಬೇಕಾದ ಕಡೆ ಚರ್ಮ ಸುಟ್ಟು ಕಂದಿ, ಸುಕ್ಕುಗಟ್ಟಿತ್ತು.

ಚೌರಪ್ಪ ಆಗಲೇ ಕಣ್ಣು ಮುಚ್ಚಿದ್ದ.

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದಾಗ ಅವನ ಮುಖ ಶಾಂತವಾಗಿತ್ತು. "ಬಿಳಿ ಬಟ್ಟೆಯವರು ಯಾರೆಂದು ನಿನಗೆ ತಿಳಿಯಲಿಲ್ಲವೇ? ಯೇಸುಸ್ವಾಮಿ. ನೀರು ನಿನಗೆ ಬಂದ ಶೋಧನೆ. ಆದರೆ ಆ ನೀರಿನ ನಡುವೆ, ನಿನ್ನ ಒಲೆಯ ಮುಂದೆಯೇ ಅವರು ಕೂತಿದ್ದಾರೆ. ನೀನು ಬಿಟ್ಟುಬಂದ ಮನೆಯನ್ನು ಅವರು ಬಿಟ್ಟಿಲ್ಲ."

ಜಪಮಾಲೆ ನೆಲ ನೋಡುತ್ತಾ ಕೇಳಿದಳು. "ಹಂಗಂದ್ರೆ ನಾನು ವಾಪಸ್ ಹೋಗ್ಬೇಕಾ?"

"ಕಾಯುತ್ತಿದ್ದಾರೆ. ಹೋಗು."

"ಕೂಗಿದರೂ ತಿರುಗಲಿಲ್ಲವಲ್ಲ, ಸ್ವಾಮಿ."

"ನೀನು ಹತ್ತಿರ ಹೋದಾಗ ತಿರುಗುತ್ತಾರೆ."

ಅವಳು ಹೊಂಗೆಯ ಎಲೆಯೊಂದನ್ನು ಎತ್ತಿಕೊಂಡು ಮಡಿಸಿದಳು, ಬಿಡಿಸಿದಳು.

"ದೊಡ್ಡ ಸ್ವಾಮಿಗಳನ್ನೂ ಒಂದು ಮಾತು ಕೇಳಲಾ?"

ಚೌರಪ್ಪನಿಗೆ ಹಿಂದಿನ ವಾರದ ನಗು ನೆನಪಾಯಿತು. "ಅವರು ಕನಸಿನ ವಿಷಯ ಮಾತಾಡುವುದಿಲ್ಲ," ಎಂದ.

ಜಪಮಾಲೆ ಎದ್ದಳು. ಗಿಡಗಳಿಗೆ ನೀರು ಹಾಕುತ್ತಿದ್ದ ಗುರುಗಳು ದಾರಿಯಲ್ಲಿ ಸಿಕ್ಕರು. ಅವಳು ನಿಂತು ಕೈಮುಗಿದಳು. ಸೆರಗು ಜಾರಿತು.

ಗುರುಗಳು ಒಂದು ಕ್ಷಣ ಅವಳ ಕೈಯನ್ನೇ ನೋಡಿದರು.

"ಊಟ ಆಯಿತೇನಮ್ಮ?"

"ಆಯ್ತು, ಸ್ವಾಮಿ."

ಅವರು ಇನ್ನೇನೋ ಕೇಳುವವರಂತೆ ತಂಬಿಗೆ ಕೆಳಗಿಟ್ಟರು. ಅವಳು ಕಾದಳು. ಅವರು ಕೇಳಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಹೋದಳು.

ಭಾನುವಾರ ರಾಯಪ್ಪ ಮಗಳನ್ನು ಕರೆದುಕೊಂಡು ಹೋಗಿ ಗಂಡನ ಮನೆಗೆ ಬಿಟ್ಟುಬಂದ.

ಒಂಬತ್ತನೆಯ ದಿನ ಸುದ್ದಿ ಬಂತು. ಜಪಮಾಲೆ ಹಿತ್ತಲ ಬಾವಿಯಲ್ಲಿ ಸಿಕ್ಕಿದ್ದಳು. ನೀರು ಸೇದಲು ಹೋಗಿ ಕಾಲು ಜಾರಿತು ಎಂದು ಮಿಕೇಲಪ್ಪ ಪೊಲೀಸರಿಗೆ ಹೇಳಿದ್ದ. ಬೆಳಗಿನ ಎಂಟು ಗಂಟೆಯಂತೆ. ಮನೆಯಲ್ಲಿ ಎಲ್ಲರೂ ಇದ್ದರಂತೆ. ಯಾರಿಗೂ ಸದ್ದು ಕೇಳಿಸಲಿಲ್ಲವಂತೆ.

ಸುದ್ದಿ ತಂದವಳು ಹಾಲಿನ ಹೆಂಗಸು. ಹೇಳಿ, ಚೌರಪ್ಪನ ಮುಖವನ್ನೇ ನೋಡುತ್ತಾ ನಿಂತಳು. ಇದಕ್ಕೂ ಅವನು ಏನಾದರೂ ಅರ್ಥ ಹೇಳುತ್ತಾನೆ ಎಂದು ಅವಳಿಗೆ ನಂಬಿಕೆಯಿತ್ತು.

ಚೌರಪ್ಪ ಪ್ರಾರ್ಥನೆಯ ಮನೆಗೆ ಹೋಗಿ ತಾನೇ ಕಟ್ಟಿದ ಗೋಡೆಗೆ ಮುಖ ಮಾಡಿ ಕುಳಿತ. ಗುರುಗಳು ಬಂದು ಪಕ್ಕದಲ್ಲಿ ಕುಳಿತರು.

"ಅವಳ ಕೈ ಸುಟ್ಟಿತ್ತು," ಎಂದ ಚೌರಪ್ಪ.

"ಹೌದು."

"ನಾನು ನೋಡಿದ್ದೆ, ಗುರುಗಳೇ. ಈಗ ನೆನಪಾಗುತ್ತಿದೆ. ಕಣ್ಣು ಮುಚ್ಚುವ ಮೊದಲೇ ನೋಡಿದ್ದೆ."

"ನಾನೂ ನೋಡಿದ್ದೆ."

ಚೌರಪ್ಪ ತಿರುಗಿದ. "ಮತ್ತೆ ಯಾಕೆ ಕೇಳಲಿಲ್ಲ?"

ಗುರುಗಳು ಬಹಳ ಹೊತ್ತು ಸುಮ್ಮನಿದ್ದರು. ಶಿಷ್ಯ ಅದನ್ನು ಎಂದಿನ ಮೌನವೆಂದೇ ತಿಳಿದ. ಆದರೆ ಈ ಸಲ ಅವರು ಮಾತಿಗಾಗಿ ತಡಕಾಡುತ್ತಿದ್ದರು.

"ಅವಳು ನಿನ್ನ ಹತ್ತಿರ ಬಂದವಳು. ನೀನಾಗಿ ತಿಳಿದುಕೊಳ್ಳಲಿ ಅಂದುಕೊಂಡೆ. ಆ ಅರಸನ ಕನಸಿನ ಮಾತಾಡಿದೆನಲ್ಲ, ಅವತ್ತೇ ಇದನ್ನು ನಿಲ್ಲಿಸು ಅಂತ ನೇರವಾಗಿ ಹೇಳಬಹುದಿತ್ತು. ಒಂದೇ ಮಾತು. ಒಗಟು ಹೇಳಿ ಎದ್ದುಬಂದೆ. ಹೆಂಗಸರು ನಕ್ಕರು. ನನಗೆ ಹಿತವಾಯಿತು."

ಚೌರಪ್ಪ ಮತ್ತೆ ಗೋಡೆಯ ಕಡೆ ತಿರುಗಿದ.

"ನಿನಗೆ ಪಾಠವಾಗಲಿ ಅಂತ ಕಾದೆ. ಪಾಠವಾಯಿತು," ಎಂದರು ಗುರುಗಳು. ಅವರ ದನಿ ಕರ್ಕಶವಾಗಿತ್ತು.

ಮಣ್ಣು ಮಾಡಿದ ಮೂರನೆಯ ದಿನ ಇಬ್ಬರೂ ರಾಯಪ್ಪನ ಮನೆಗೆ ಹೋದರು.

ರಾಯಪ್ಪ ಚಪ್ಪರದ ಕೆಳಗೆ ಕಲ್ಲು ಕೆತ್ತುತ್ತಿದ್ದ. ಶಿಲುಬೆಯ ತೋಳುಗಳು ಮೂಡಿದ್ದವು. ಹೆಸರು ಇನ್ನೂ ಬರೆದಿರಲಿಲ್ಲ. ಅವನು ಉಳಿ ಕೆಳಗಿಟ್ಟು, ಎದ್ದು, ಇಬ್ಬರಿಗೂ ಮಣೆ ಹಾಕಿದ. ಅಭ್ಯಾಸದಂತೆ ಕೈಮುಗಿದ.

ಚೌರಪ್ಪ ಮಣೆಯ ಮೇಲೆ ಕೂರಲಿಲ್ಲ. ನೆಲದ ಮೇಲೆ, ಕಲ್ಲಿನ ಪುಡಿಯಲ್ಲೇ ಕುಳಿತ.

"ರಾಯಪ್ಪ, ನಿನ್ನ ಮಗಳಿಗೆ ಹೋಗೆಂದವನು ನಾನು."

"ಗೊತ್ತು ಸ್ವಾಮಿ. ಮಗಳು ಹೇಳಿದಳು." ರಾಯಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೌರಪ್ಪನಿಗೆ ಸುಲಭವಾಗುತ್ತಿತ್ತು. "ನಾನು ಬೇಡ ಅಂದಿದ್ದೆ. ಕಾದ ಸಟ್ಟುಗ ಇಟ್ಟವರೆ ಕೈಗೆ, ಅಂಥ ಮನೆಗೆ ಯಾಕೆ ಹೋಗ್ತೀಯ, ನನ್ನ ಜೊತೆ ಗಂಜಿ ಕುಡ್ಕೊಂಡು ಇರು ಅಂದಿದ್ದೆ. ಅವಳೂ ಹೂಂ ಅಂದಿದ್ದಳು. ಆಮೇಲೆ ತಮ್ಮ ಹತ್ರ ಬಂದು ಹೋದಳು. ಯೇಸುಸ್ವಾಮಿ ಅಲ್ಲೇ ಕಾಯ್ತಾವ್ರಂತೆ ಅಪ್ಪ ಅಂದಳು. ದೇವರೇ ಕರೆದ ಮೇಲೆ ಬೇಡ ಅನ್ನೋಕೆ ನಾನ್ಯಾರು ಅಂತ ಸುಮ್ಮನಾದೆ."

ಅವನು ಉಳಿ ಕೈಗೆತ್ತಿಕೊಂಡ. ಕೆತ್ತಲಿಲ್ಲ.

"ದೊಡ್ಡ ಸ್ವಾಮಿಗಳನ್ನ ಒಂದು ಮಾತು ಕೇಳ್ಬೇಕು."

"ಕೇಳು ರಾಯಪ್ಪ."

"ಹೆರೋದ ರಾಜ ಎರಡು ವರ್ಷದೊಳಗಿನ ಮಕ್ಕಳನ್ನ ಕೊಲ್ಲಿಸ್ತಾನಲ್ಲ, ಬೆತ್ಲೆಹೇಮಿನಲ್ಲಿ. ಯೇಸುಸ್ವಾಮಿನ ಸಾಕಿದ ಜೋಸೆಫಪ್ಪನವರಿಗೆ ಓಡಿಹೋಗು ಅಂತ ಕನಸು ಬಿತ್ತು. ಎದ್ದು ತಾಯಿ ಮಗೂನ ಕರ್ಕೊಂಡು ಈಜಿಪ್ಟಿಗೆ ಹೊರಟೋದರು. ಪ್ರತಿ ವರ್ಷ ಕ್ರಿಸ್‌ಮಸ್ ಆದ ಮೇಲೆ ಗುಡೀಲಿ ಓದ್ತಾರೆ. ಚಿಕ್ಕವನಿಂದ ಕೇಳ್ತಾ ಇದ್ದೀನಿ."

"ಹೌದು."

"ಆ ಊರಲ್ಲಿ ಬೇರೆ ಅಪ್ಪಂದಿರೂ ಇದ್ದರಲ್ಲ ಸ್ವಾಮಿ. ಅವರಿಗೂ ಎರಡು ವರ್ಷದ ಕೂಸುಗಳಿದ್ದವು. ಅವರಿಗೆ ಯಾಕೆ ಕನಸು ಬೀಳಲಿಲ್ಲ?"

ಚೌರಪ್ಪ ಗುರುಗಳ ಮುಖ ನೋಡಿದ. ಇಂಥ ಪ್ರಶ್ನೆಗೆ ಅವರು ಒಂದು ಕಲ್ಲನ್ನೋ ಹೂವನ್ನೋ ಕೈಗೆ ಕೊಟ್ಟು ಸುಮ್ಮನಾಗುವುದನ್ನು ಅವನು ಎಷ್ಟೋ ಸಲ ನೋಡಿದ್ದ.

"ಗೊತ್ತಿಲ್ಲ ರಾಯಪ್ಪ," ಎಂದರು ಗುರುಗಳು.

ರಾಯಪ್ಪ ತಲೆಯಾಡಿಸಿದ. ಅವನು ಉತ್ತರ ನಿರೀಕ್ಷಿಸಿದವನಂತೆ ಕಾಣಲಿಲ್ಲ. ಕಲ್ಲಿನ ಕಡೆ ತಿರುಗಿ ಕೆಲಸ ಶುರುಮಾಡಿದ. ಇಬ್ಬರೂ ಸಂಜೆಯವರೆಗೆ ಅಲ್ಲೇ ಕುಳಿತಿದ್ದು, ಹೇಳದೆ ಎದ್ದುಬಂದರು.

ಆಶ್ರಮಕ್ಕೆ ಬಂದೊಡನೆ ಚೌರಪ್ಪ ಗುರುಗಳ ಮುಂದೆ ಮೊಣಕಾಲೂರಿದ.

"ಪಾಪನಿವೇದನೆ ಕೇಳಿ, ಗುರುಗಳೇ. ನನಗೆ ಕ್ಷಮೆ ಬೇಕು."

"ಏಳು. ಮೊದಲು ಠಾಣೆಗೆ ಹೋಗು."

"ಠಾಣೆಗೆ?"

"ಕಾಲು ಜಾರಿತು ಅಂತ ಬರೆದುಕೊಂಡಿದ್ದಾರೆ. ತವರಿನಲ್ಲಿದ್ದಾಗಲೇ ಅವಳ ಸುಟ್ಟ ಕೈ ನೋಡಿದವರು ಅವಳ ಅಪ್ಪನನ್ನು ಬಿಟ್ಟರೆ ನೀನು, ನಾನು. ಅಪ್ಪನ ಮಾತನ್ನು ಯಾರೂ ನಂಬುವುದಿಲ್ಲ. ನಾನು ನಾಳೆ ಹೋಗುತ್ತೇನೆ. ನೀನೂ ಬಾ."

ಚೌರಪ್ಪ ಎದ್ದ. ಆದರೆ ಮರುದಿನ ಹೋಗಲಿಲ್ಲ. ಗುರುಗಳೊಬ್ಬರೇ ಹೋಗಿಬಂದರು. ಅದರ ಮರುದಿನವೂ ಅವನು ಹೋಗಲಿಲ್ಲ. ಠಾಣೆಯಲ್ಲಿ ಕೈಯ ಮಾತು ಹೇಳಿದರೆ ತಾನು ಹೇಳಿದ ಅರ್ಥವನ್ನೂ ಹೇಳಬೇಕಾಗಿತ್ತು. ಅದು ಊರಿಗೆಲ್ಲ ತಿಳಿಯುತ್ತಿತ್ತು.

ಮೂರನೆಯ ದಿನ ಅವನು ಒಂದು ಕಾಗದ ಬರೆದು ತಂದ.

"ಇದನ್ನು ಠಾಣೆಗೆ ಕಳಿಸಿದರೆ ಸಾಲದೇ, ಗುರುಗಳೇ? ನೋಡಿದ್ದನ್ನೆಲ್ಲ ಬರೆದಿದ್ದೇನೆ."

ಗುರುಗಳು ಕಾಗದ ಮುಟ್ಟಲಿಲ್ಲ.

"ಪಿಲಾತನ ಹೆಂಡತಿ ನೆನಪಿದ್ದಾಳೆಯೇ?"

"ಇದ್ದಾಳೆ. ಯೇಸುಸ್ವಾಮಿಯ ವಿಷಯ ಕನಸು ಕಂಡು ಸಂಕಟಪಟ್ಟವಳು. ಆ ನೀತಿವಂತನ ತಂಟೆಗೆ ಹೋಗಬೇಡ ಎಂದು ತೀರ್ಪು ಕೊಡಲು ಕೂತಿದ್ದ ಗಂಡನಿಗೆ ಹೇಳಿಕಳಿಸಿದಳು."

"ಕನಸು ನಿಜವೋ ಸುಳ್ಳೋ?"

"ನಿಜ."

"ಅರ್ಥ?"

"ಅದನ್ನೂ ಸರಿಯಾಗಿ ತಿಳಿದಿದ್ದಳು."

"ಆಮೇಲೆ ಏನು ಮಾಡಿದಳು?"

ಚೌರಪ್ಪ ಯೋಚಿಸಿದ. "ಆಮೇಲೆ ಅವಳ ಸುದ್ದಿಯೇ ಬರುವುದಿಲ್ಲ."

"ಹೇಳಿಕಳಿಸಿ ಮನೆಯಲ್ಲೇ ಕೂತಳು," ಎಂದರು ಗುರುಗಳು. "ಆ ಮಧ್ಯಾಹ್ನ ಅವರನ್ನು ಶಿಲುಬೆಗೇರಿಸಿದರು."

ಚೌರಪ್ಪ ಕಾಗದ ಮಡಿಸಿಕೊಂಡು ಆ ದಿನವೇ ಠಾಣೆಗೆ ನಡೆದ. ನೋಡಿದ್ದನ್ನು ಹೇಳಿದ. ತಾನೇ ಅವಳನ್ನು ವಾಪಸ್ ಹೋಗೆಂದದ್ದನ್ನೂ ಹೇಳಿದ. ಬರೆದುಕೊಳ್ಳುತ್ತಿದ್ದ ಪೇದೆ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಬರೆದ.

ದೇವಸಹಾಯನನ್ನೂ ಮಿಕೇಲಪ್ಪನನ್ನೂ ಹಿಡಿದರು. ಮೂರು ತಿಂಗಳಿಗೆ ಜಾಮೀನು ಸಿಕ್ಕಿತು. ಬಿಡುಗಡೆಯಾಗಿ ಬಂದ ವರ್ಷದ ಹಬ್ಬದಲ್ಲೂ ಮಿಕೇಲಪ್ಪನೇ ಶಿಲುಬೆ ಹಿಡಿದು ಮುಂದೆ ನಡೆದ. ಬೇಡವೆನ್ನಲು ಯಾರೂ ಮುಂದೆ ಬರಲಿಲ್ಲ.

ಹೊಂಗೆಯ ಮರದ ಕೆಳಗೆ ಈಗ ಜನ ಬರುತ್ತಿರಲಿಲ್ಲ. ನೇಕಾರ ಮಾತ್ರ ಒಂದು ಸಲ ಬಂದಿದ್ದ. "ತಮ್ಮನ ಜೊತೆ ಮತ್ತೆ ಮಾತು ಬಿಟ್ಟಿದ್ದೀನಿ, ಸ್ವಾಮಿ. ನಿಮ್ಮ ಮಾತು ಕೇಳಿ ಒಂದಾದವರು ಅಂತ ಜನ ನಗ್ತಾರೆ," ಎಂದು ಹೇಳಿ ಹೋದ.

ಮೊಕದ್ದಮೆ ಕೋರ್ಟಿಗೆ ಬರಲು ಎರಡು ವರ್ಷ ಹಿಡಿಯಿತು.

ಚೌರಪ್ಪ ಸಾಕ್ಷಿಕಟ್ಟೆ ಹತ್ತಿದ ದಿನ ಗುರುಗಳೂ ರಾಯಪ್ಪನೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ದೇವಸಹಾಯನ ಪರ ವಕೀಲರು ವಯಸ್ಸಾದವರು, ಬಹಳ ಮೆತ್ತಗಿನ ಮಾತಿನವರು.

"ಸ್ವಾಮೀಜಿ, ತಾವು ಆಕೆಯ ಕೈ ಮೇಲಿನ ಗುರುತು ನೋಡಿದಿರಿ."

"ನೋಡಿದೆ."

"ಸ್ಪಷ್ಟವಾಗಿ?"

"ಸ್ಪಷ್ಟವಾಗಿ."

"ನೋಡಿದ ಮೇಲೂ ಗಂಡನ ಮನೆಗೆ ಹೋಗು ಎಂದು ಹೇಳಿದಿರಿ."

"ಹೇಳಿದೆ."

"ಆ ಮನೆಯಲ್ಲಿ ದೇವರಿದ್ದಾರೆ ಎಂದೂ ಹೇಳಿದಿರಿ. ತಮ್ಮ ಹೇಳಿಕೆಯಲ್ಲೇ ಇದೆ."

"ಹೇಳಿದೆ. ಅದು ತಪ್ಪು."

"ತಪ್ಪು ಎಂದು ಈಗ ಹೇಳುತ್ತಿದ್ದೀರಿ. ನಾನು ಕೇಳುತ್ತಿರುವುದು ಅಂದಿನ ಮಾತು. ಆ ಗುರುತು ನೋಡಿದಾಗ ಇದು ಹಿಂಸೆ ಎಂದು ತಮಗೆ ಅನ್ನಿಸಲಿಲ್ಲ. ಅನ್ನಿಸಿದ್ದರೆ, ಹೋಗು ಎನ್ನುತ್ತಿದ್ದಿರಾ?"

ಚೌರಪ್ಪ ಹಿಂದಿನ ಬೆಂಚಿನ ಕಡೆ ನೋಡಿದ.

"ಎನ್ನುತ್ತಿದ್ದಿರಾ, ಸ್ವಾಮೀಜಿ?"

"ಇಲ್ಲ."

"ಇಷ್ಟೇ," ಎಂದು ವಕೀಲರು ಕುಳಿತರು.

ಗುರುಗಳೂ ಕಟ್ಟೆ ಹತ್ತಿದರು. ಅವರನ್ನು ಕೇಳಿದ್ದು ಒಂದೇ ಪ್ರಶ್ನೆ. ಗುರುತು ನೋಡಿ ತಾವು ಆ ಹೆಣ್ಣುಮಗಳಿಗೆ ಏನು ಹೇಳಿದಿರಿ? ಊಟವಾಯಿತೇ ಎಂದು ಕೇಳಿದೆ ಎಂದರು ಗುರುಗಳು. ಕೋರ್ಟಿನಲ್ಲಿ ಯಾರೋ ನಕ್ಕರು. ಈ ಸಲ ಗುರುಗಳ ತುಟಿಯಲ್ಲಿ ನಗುವಿರಲಿಲ್ಲ.

ಸಾಕ್ಷ್ಯ ಸಾಲದೆಂದು ಅಪ್ಪ ಮಗ ಇಬ್ಬರನ್ನೂ ಬಿಟ್ಟರು.

ತೀರ್ಪಿನ ದಿನ ಹೊರಗೆ ಬೇವಿನ ಮರದ ಕೆಳಗೆ ರಾಯಪ್ಪ ಬಸ್ಸಿಗೆ ಕಾಯುತ್ತಿದ್ದ. ಚೌರಪ್ಪ ಹತ್ತಿರ ಹೋಗಿ ನಿಂತ.

"ನಿಜ ಹೇಳಿದಿರಿ, ಸ್ವಾಮಿ," ಎಂದ ರಾಯಪ್ಪ. "ಅದೇ ಅವರಿಗೆ ಅನುಕೂಲ ಆಯ್ತು."

ಬಸ್ಸು ಬಂತು. ಅವನು ಹತ್ತಿ ಹೋದ. ಆಮೇಲೆ ಅವನು ಆಶ್ರಮದ ಕಡೆಗೆ ಬರಲಿಲ್ಲ, ಗುಡಿಗೂ ಹೋಗಲಿಲ್ಲ. ಶಿಲುಬೆ ಕೆತ್ತುವುದನ್ನು ಬಿಟ್ಟು ಒರಳುಕಲ್ಲು ಮಾಡಿ ಮಾರತೊಡಗಿದ ಎಂದು ಹಾಲಿನ ಹೆಂಗಸು ಹೇಳಿದಳು.

ಚೌರಪ್ಪ ಆಶ್ರಮದಲ್ಲೇ ಉಳಿದ. ಎಲ್ಲಿಗಾದರೂ ಹೋಗುವುದಿದ್ದರೆ ಹೋಗು ಎಂದು ಗುರುಗಳು ಒಮ್ಮೆ ಹೇಳಿದ್ದರು. ಅವನು ಹೋಗಲಿಲ್ಲ. ನೋಟುಪುಸ್ತಕವನ್ನು ಒಲೆಗೆ ಹಾಕಿದ. ಸೊಪ್ಪಿನ ಮಡಿ ಅಗೆಯುತ್ತಿದ್ದ, ಅಡಿಗೆ ಮಾಡುತ್ತಿದ್ದ. ಬೆಳಗಿನ ಜಪಕ್ಕೆ ಕೂರುತ್ತಿದ್ದ, ಆದರೆ ಕಣ್ಣು ಮುಚ್ಚುತ್ತಿರಲಿಲ್ಲ. ಪಾಪನಿವೇದನೆಗೆ ಮತ್ತೆ ಕೇಳಲೂ ಇಲ್ಲ. ಗುರುಗಳು ತಾವಾಗಿ ಕರೆದು ಕ್ಷಮೆಯ ಪ್ರಾರ್ಥನೆ ಹೇಳಿದ ದಿನ ತಲೆಬಾಗಿ ಕೇಳಿಸಿಕೊಂಡ. ಎದ್ದು ಹೋಗಿ ಅಕ್ಕಿ ಆರಿಸಿದ.

ಗುರುಗಳೂ ಬದಲಾಗಿದ್ದರು. ಯಾರಾದರೂ ಏನಾದರೂ ಕೇಳಿದರೆ ನೇರವಾಗಿ, ಒರಟಾಗಿ ಹೇಳಿಬಿಡುತ್ತಿದ್ದರು. ಜನಕ್ಕೆ ಅದು ಹಿಡಿಸಲಿಲ್ಲ. ದೊಡ್ಡ ಸ್ವಾಮಿಗೆ ವಯಸ್ಸಾಯಿತು, ಮೊದಲಿನ ಮಾತಿಲ್ಲ ಎಂದರು. ಭಾನುವಾರದ ಪೂಜೆಗೆ ಬರುವವರು ಹತ್ತು ಜನಕ್ಕೆ ಇಳಿದರು, ಆಮೇಲೆ ನಾಲ್ಕು.

ಒಂದು ಬೆಳಿಗ್ಗೆ ಗುರುಗಳು ಹೊಳೆಯಲ್ಲಿ ಮಿಂದು ಮೆಟ್ಟಿಲ ಮೇಲೆ ಕುಳಿತು ಬಟ್ಟೆ ಹಿಂಡುತ್ತಿದ್ದರು. ಚೌರಪ್ಪ ಬಂದು ಕೆಳಗಿನ ಮೆಟ್ಟಿಲ ಮೇಲೆ ನಿಂತ. ಎಷ್ಟೋ ಕಾಲದ ಮೇಲೆ ಅವನ ಮುಖದಲ್ಲಿ ಬೆಳಕಿತ್ತು.

"ಗುರುಗಳೇ, ಒಂದು ಮಾತು ಹೇಳಬೇಕು. ಹೇಳಬಾರದು ಅಂದುಕೊಂಡಿದ್ದೆ."

"ಹೇಳು."

"ಜಪಮಾಲೆ ಬಂದಿದ್ದಳು. ಕನಸಿನಲ್ಲಿ."

ಗುರುಗಳು ಬಟ್ಟೆ ಹಿಂಡುವುದನ್ನು ನಿಲ್ಲಿಸಿದರು.

"ಇಷ್ಟು ವರ್ಷದಲ್ಲಿ ಒಂದು ಸಲವೂ ಬಂದಿರಲಿಲ್ಲ. ನಿನ್ನೆ ಬಂದಳು. ಹೊಸ ಸೀರೆ ಉಟ್ಟಿದ್ದಳು. ಮುಖದಲ್ಲಿ ನೋವಿರಲಿಲ್ಲ. ನನ್ನನ್ನು ನೋಡಿ ನಕ್ಕಳು. ಹೋಗ್ಲಿ ಬಿಡಿ ಸ್ವಾಮಿ, ನಿಮ್ಮ ಮೇಲೆ ನನಗೆ ಏನೂ ಇಲ್ಲ ಅಂದಳು." ಅವನ ಕಣ್ಣಿನಲ್ಲಿ ನೀರು ತುಂಬಿತು. "ಇದಕ್ಕೆ ನಾನು ಅರ್ಥ ಹಚ್ಚುತ್ತಿಲ್ಲ. ಅವಳೇ ಬಾಯಿಬಿಟ್ಟು ಹೇಳಿದಳು."

ಗುರುಗಳು ಹೊಳೆಯ ಕಡೆ ನೋಡುತ್ತಿದ್ದರು.

"ಇದೂ ನನ್ನ ಮನಸ್ಸಿನ ಆಟ ಎನ್ನುತ್ತೀರಾ?"

"ಗೊತ್ತಿಲ್ಲ."

"ದೇವರು ಕಳಿಸಿರಬಹುದಲ್ಲವೇ?"

"ಇರಬಹುದು."

"ಹಾಗಾದರೆ ನಾನು ನಂಬಲೇ, ಗುರುಗಳೇ? ಅವಳು ನನ್ನನ್ನು ಕ್ಷಮಿಸಿದಳೆಂದು?"

ಗುರುಗಳು ಒದ್ದೆ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಎದ್ದರು. ಅವನ ಮುಖವನ್ನು ನೇರವಾಗಿ ನೋಡಿದರು.

"ಬದುಕಿದ್ದಾಗಲೂ ಅವಳು ನಿನ್ನ ಮಾತು ಮೀರಲಿಲ್ಲ, ಚೌರಪ್ಪ."